ಕೆರೆಯ ನೀರು, ಕಲ್ಲಿನ ನೀರು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿಗಳು ಐದು. ಕಸಬೆಯನ್ನೂ ಹುಳಿಯಾರನ್ನೂ ಬಿಟ್ಟರೆ ಉಳಿದವು ಕಂದಿಕೆರೆ, ಶೆಟ್ಟಿಕೆರೆ, ಹಂದನಕೆರೆ. ತೆಂಕಣಕ್ಕೆ ನಡೆದರೆ ನೊಣವಿನಕೆರೆ, ತುರುವೇಕೆರೆ. ಪಡುವಣಕ್ಕೆ ಹೊರಳಿದರೆ ಅರಸೀಕೆರೆ. ಒಂದು ಸೀಮೆಯ ಜನ ತಮ್ಮ ಊರುಗಳಿಗೆ ಇಟ್ಟುಕೊಂಡ ಹೆಸರುಗಳನ್ನು ಸಾಲಾಗಿ ಓದಿದರೆ, ಅವರ ಬದುಕಿನಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದಾಗಿತ್ತೆಂಬುದು ತಾನಾಗಿ ತಿಳಿಯುತ್ತದೆ. ನಮ್ಮ ತೆಂಗಿನ ಸೀಮೆಯ ಹಿರಿಯರು ದೇವರ ಹೆಸರನ್ನೂ ದೊರೆಯ ಹೆಸರನ್ನೂ ಊರಿಗಿಡಲಿಲ್ಲವೆಂದಲ್ಲ. ಆದರೆ ಹೆಚ್ಚು ಕಡೆ ಅವರ ಬಾಯಲ್ಲಿ ನಿಂತದ್ದು ತಾವೇ ಮಣ್ಣು ಹೊತ್ತು ಕಟ್ಟಿದ ಕೆರೆಯ ಹೆಸರು.

ಕಾರಣವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಈ ಸೀಮೆ ಎರಡು ಮಹಾನದಿಗಳ ಬಯಲುಗಳ ನಡುವಣ ದಿಬ್ಬ. ತಾಲ್ಲೂಕಿನ ಉತ್ತರ ಭಾಗದಲ್ಲಿ ಬಿದ್ದ ಮಳೆ ಸುವರ್ಣಮುಖಿಯನ್ನು ಸೇರಿ, ಬೋರನಕಣಿವೆಯನ್ನು ಹಾದು, ವೇದಾವತಿ ತುಂಗಭದ್ರೆಗಳ ದಾರಿಯಾಗಿ ಕೃಷ್ಣೆಯ ಪಾಲಾಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಶಿಂಷೆಗಿಳಿದು ಕಾವೇರಿಯ ಪಾಲಾಗುತ್ತದೆ. ಎರಡು ನದಿಗಳಿಗೂ ನೀರು ಕೊಡುವ ನೆಲಕ್ಕೆ ತನ್ನದೆಂದು ಹೇಳಿಕೊಳ್ಳಲು ಒಂದು ಜೀವನದಿ ಇಲ್ಲ. ವರ್ಷದ ಮಳೆ ಆರೇಳುನೂರು ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಬೇಸಾಯಗಾರನನ್ನು ಕಾಯಿಸಿ, ನೋಯಿಸಿ, ಭಾದ್ರಪದ ಆಶ್ವಯುಜಗಳಲ್ಲಿ ಬರತಕ್ಕದ್ದು. ಓಡುವ ಈ ನೀರನ್ನು ಹಿಡಿದು ನಿಲ್ಲಿಸಿದರೆ ಬಾಳು, ಇಲ್ಲವಾದರೆ ಗುಳೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ನಮಗೆ ಬೇಸಾಯದ ಮಾತುಗಳಾಗಿ ಕಾಣುತ್ತವೆ. ನಿಜವಾಗಿ ಅವು ಪ್ರಾಣ ಉಳಿಸಿಕೊಳ್ಳುವ ವಿದ್ಯೆಯ ಪರಿಭಾಷೆ.

ಆದರೆ ನೀರು ನಿಂತ ಕಡೆ ಬೆಳೆಯ ಜೊತೆಗೆ ಬೇನೆಯೂ ಬರುತ್ತದೆ. ಬತ್ತಿದ ಕಡೆ ಬೇರೊಂದು ಬೇನೆ. ಆಳದಿಂದ ತೆಗೆದರೆ ಮತ್ತೊಂದು. ಈ ಸೀಮೆಯ ಆರೋಗ್ಯದ ಚರಿತ್ರೆಯನ್ನು ವೈದ್ಯರ ಹೆಸರುಗಳಿಂದಲೂ ಆಸ್ಪತ್ರೆಗಳ ಶಂಕುಸ್ಥಾಪನೆಯ ಕಲ್ಲುಗಳಿಂದಲೂ ಬರೆಯಬಹುದು. ಆದರೆ ಅದಕ್ಕಿಂತ ಸರಿಯಾದ ದಾರಿ, ಜನ ತಮ್ಮ ಕೊಡವನ್ನು ಎಲ್ಲಿ ತುಂಬಿಕೊಂಡರು ಎಂದು ಕೇಳುವುದು. ನೀರಿನ ನೆಲೆ ಬದಲಾದಾಗಲೆಲ್ಲ ರೋಗದ ನೆಲೆಯೂ ಬದಲಾಗಿದೆ.

ರೋಗಕ್ಕೂ ನೆಲಕ್ಕೂ ನಂಟಿದೆಯೆಂಬುದು ಹೊಸ ಮಾತಲ್ಲ. ಗ್ರೀಸಿನ ಹಿಪ್ಪೊಕ್ರೇಟಸನ ಹೆಸರಿನಲ್ಲಿ ಬಂದ ಗ್ರಂಥಗಳಲ್ಲಿ ಒಂದರ ವಿಷಯವೇ ಗಾಳಿ, ನೀರು, ನೆಲ. ಹೊಸ ಊರಿಗೆ ಬಂದ ವೈದ್ಯ ಮೊದಲು ಅಲ್ಲಿನ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಜನ ಎಂಥ ನೀರು ಕುಡಿಯುತ್ತಾರೆ ಎಂಬುದನ್ನು ವಿಚಾರಿಸಬೇಕೆಂದು ಅದು ವಿಧಿಸುತ್ತದೆ. ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಪುನರ್ವಸು ಆತ್ರೇಯರು ಗಂಗಾತೀರದ ಕಾಂಪಿಲ್ಯದಲ್ಲಿ ಅಡ್ಡಾಡುತ್ತ ಶಿಷ್ಯ ಅಗ್ನಿವೇಶನಿಗೆ ಇದೇ ವಿಷಯವನ್ನು ಹೇಳುತ್ತಾರೆ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ವಯಸ್ಸಿನ ಜನ ಒಂದೇ ಕಾಲಕ್ಕೆ ಒಂದೇ ರೋಗದಿಂದ ಸಾಯುವುದು ಹೇಗೆ ಎಂಬುದು ಶಿಷ್ಯನ ಪ್ರಶ್ನೆ. ವಾಯು, ಉದಕ, ದೇಶ, ಕಾಲ, ಈ ನಾಲ್ಕು ಎಲ್ಲರಿಗೂ ಸಮಾನ. ಅವು ಕೆಟ್ಟರೆ ಜನಪದವೇ ಕೆಡುತ್ತದೆ ಎಂಬುದು ಗುರುವಿನ ಉತ್ತರ.

ಆಯುರ್ವೇದ ನೆಲವನ್ನು ಮೂರು ಬಗೆಯಾಗಿ ವಿಂಗಡಿಸಿತು. ಮರ ವಿರಳವಾಗಿ, ಗಾಳಿ ಬಲವಾಗಿ, ನೀರು ಕಡಮೆಯಾಗಿರುವುದು ಜಾಂಗಲ. ನೀರೂ ನೆರಳೂ ತುಂಬಿ ಜವುಗಾಗಿರುವುದು ಆನೂಪ. ಎರಡರ ಲಕ್ಷಣವೂ ಬೆರೆತದ್ದು ಸಾಧಾರಣ. ಒಣನೆಲ ಆರೋಗ್ಯಕ್ಕೆ ಹಿತ, ಜವುಗುನೆಲ ಅಹಿತ ಎಂಬುದು ಅದರ ತೀರ್ಮಾನ. ನಮ್ಮ ಸೀಮೆಯ ವಿಶೇಷವೇನೆಂದರೆ, ಇಲ್ಲಿ ಒಂದೇ ಊರಿನಲ್ಲಿ ಈ ಎರಡೂ ದೇಶಗಳುಂಟು. ಕಂದಿಕೆರೆಯ ಕಡೆಯ ಗುಡ್ಡಗಳ ಮೈ ಕುರುಚಲು ಗಿಡದ ಅಪ್ಪಟ ಜಾಂಗಲ. ಅದೇ ಗುಡ್ಡದ ಬುಡದಲ್ಲಿ, ಕೆರೆಯ ಏರಿಯ ಹಿಂದೆ, ಹಗಲಲ್ಲೂ ತಂಪಾಗಿರುವ ತೆಂಗು ಅಡಕೆಗಳ ತೋಟ ಅಪ್ಪಟ ಆನೂಪ. ಜಾಂಗಲದಲ್ಲಿ ಹುಟ್ಟಿದವರು ಬದುಕುವ ಸಲುವಾಗಿ ಆನೂಪವನ್ನು ಕೈಯಾರೆ ಕಟ್ಟಿಕೊಂಡರು. ಅದರ ಫಲವನ್ನೂ ಉಂಡರು, ಬೆಲೆಯನ್ನೂ ತೆತ್ತರು.

ಆ ಫಲವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಮೈಸೂರು ಸೀಮೆಯ ಬೆಳೆ, ಕಸುಬು, ವ್ಯಾಪಾರಗಳನ್ನು ತಿಳಿಯಲು ಅವನನ್ನು ಕಳುಹಿಸಿತು. ಚಿಕ್ಕನಾಯಕನಹಳ್ಳಿಯ ತೆಂಗಿನ ಬೇಸಾಯವನ್ನೂ ಹತ್ತಿರದ ದೊರೆಗುಡ್ಡದ ಕಬ್ಬಿಣದ ಅದಿರಿನ ಗಣಿಯನ್ನೂ ಅವನು ವಿವರಿಸಿದ್ದಾನೆ. ಅವನು ವೃತ್ತಿಯಿಂದ ವೈದ್ಯ ಎಂಬುದು ನಮ್ಮ ವಿಷಯಕ್ಕೆ ತಕ್ಕ ಯೋಗಾಯೋಗ. ತೋಟ ಮತ್ತು ಗಣಿ, ಅಂದರೆ ನೀರು ಮತ್ತು ಕಲ್ಲು, ಈ ನೆಲದ ಎರಡು ಸಂಪತ್ತುಗಳೂ ಅವನ ಕಣ್ಣಿಗೆ ಬಿದ್ದವು. ಮುಂದಿನ ಇನ್ನೂರು ವರ್ಷಗಳ ಕಾಯಿಲೆಗಳ ಮೂಲವೂ ಈ ಎರಡರಲ್ಲೇ ಇತ್ತು.

ಮೊದಲು ನೀರಿನ ಮಾತು. ಹಳೆಯ ಕಾಲದಲ್ಲಿ ಕೆರೆ, ಕಟ್ಟೆ, ಕಲ್ಯಾಣಿಗಳ ನೀರನ್ನು ಜನ ಇಳಿದು ತುಂಬಿಕೊಳ್ಳುತ್ತಿದ್ದರು. ಎಮ್ಮೆ ಮೀಯುವುದೂ ಬಟ್ಟೆ ಒಗೆಯುವುದೂ ಕೊಡ ತುಂಬುವುದೂ ಎಷ್ಟೋ ಊರುಗಳಲ್ಲಿ ಒಂದೇ ನೀರಿನಲ್ಲಿ. ವಾಂತಿಭೇದಿಗೆ ಇದಕ್ಕಿಂತ ಹೆದ್ದಾರಿ ಬೇಕಾಗಿಲ್ಲ. ಬೇನೆ ಬಂದರೆ ಊರವರು ಮಾರಮ್ಮನಿಗೆ ಪೂಜೆ ಮಾಡಿ, ಅವಳನ್ನು ಊರ ಗಡಿ ದಾಟಿಸಿ ಬರುತ್ತಿದ್ದರು. ಈ ಊರಿನ ಗಡಿ ದಾಟಿದ ಮಾರಿ ಪಕ್ಕದೂರಿನ ಗಡಿಯೊಳಗೆ ಕಾಲಿಟ್ಟಂತಾಯಿತಲ್ಲ! ಆಚರಣೆಯನ್ನು ನೋಡಿ ನಗುವವರು ಅದರಲ್ಲಿರುವ ಅನುಭವವನ್ನು ಮರೆಯಬಾರದು. ಸಾಂಕ್ರಾಮಿಕ ರೋಗಕ್ಕೆ ದಾರಿಯುಂಟು, ಅದು ಊರಿಂದೂರಿಗೆ ನಡೆಯುತ್ತದೆ ಎಂಬುದನ್ನು ನಮ್ಮ ಹಳ್ಳಿಯವರು ಸೂಕ್ಷ್ಮದರ್ಶಕವಿಲ್ಲದೆ ಕಂಡುಕೊಂಡಿದ್ದರು. ಆ ದಾರಿ ಗಡಿಗಲ್ಲಿನ ಮೇಲಲ್ಲ, ನೀರಿನಲ್ಲಿದೆ ಎಂಬುದೊಂದೇ ಅವರಿಗೆ ತಿಳಿಯದೆ ಹೋದದ್ದು.

ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ನಾರುಹುಣ್ಣು ಮನೆಮಾಡಿತ್ತು. ಕಾಲಿನ ಹುಣ್ಣಿನಿಂದ ಮೊಳದುದ್ದದ ಬಿಳಿಯ ನಾರಿನಂಥ ಹುಳು ಹೊರಬರುವ ಆ ಬೇನೆ, ರೋಗಿ ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟಾಗ ನೀರಿಗೆ ಸೇರುತ್ತಿತ್ತು; ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟದ ಹೊಟ್ಟೆಯಲ್ಲಿ ಬೆಳೆದು, ಆ ನೀರು ಕುಡಿದವರ ಮೈಸೇರುತ್ತಿತ್ತು. ಈ ರೋಗಕ್ಕೆ ಕಾರಣ ನೀರೆನ್ನುವುದಕ್ಕಿಂತ ಮೆಟ್ಟಿಲು ಎನ್ನುವುದೇ ಹೆಚ್ಚು ಸರಿ. ಕಟ್ಟೆ ಕಟ್ಟಿ, ಹಗ್ಗ ಇಳಿಬಿಟ್ಟು ಸೇದುವ ಬಾವಿಯಲ್ಲಿ ನಾರುಹುಣ್ಣಿಗೆ ನೆಲೆಯಿಲ್ಲ. ಊರಿನ ಕಲ್ಲುಕುಟಿಗ ಬಾವಿಯನ್ನು ಕಟ್ಟಿದ ರೀತಿ ಊರಿನವರ ಕಾಲಿನ ಭವಿಷ್ಯವನ್ನು ನಿರ್ಣಯಿಸುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಚಳಿಜ್ವರ. ಮಲೇರಿಯಾದ ಗುಟ್ಟನ್ನು ಒಡೆದ ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ಮತ್ತು ನೈರ್ಮಲ್ಯದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ. ಎರಡು ವರ್ಷದ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಬೀಜವನ್ನು ಕಂಡ. ಸೊಳ್ಳೆಯೇ ಕಾರಣವೆಂದು ತಿಳಿದಮೇಲೆ ‘ಯಾವ ಸೊಳ್ಳೆ, ಯಾವ ನೀರು?’ ಎಂಬ ಪ್ರಶ್ನೆ ಎದ್ದಿತು. ಇಲ್ಲಿ ಕರ್ನಾಟಕದ ಭೂಗೋಳ ಎರಡಾಗಿ ಸೀಳುತ್ತದೆ. ಮಲೆನಾಡಿನಲ್ಲಿ ಜ್ವರ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಗುಡ್ಡದ ಬುಡದ ಮೆಲ್ಲಗೆ ಹರಿಯುವ ತೊರೆಗಳಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಬಯಲುಸೀಮೆಯ ಅನಾಫಿಲಿಸ್ ಕುಲಿಸಿಫೇಸಿಸ್ ಸೊಳ್ಳೆಗೆ ಬಾವಿ, ಕಾಲುವೆ, ಜಿನುಗುನೀರಿನ ಹೊಂಡ ಬೇಕು. ಅಂದರೆ ಮನುಷ್ಯ ಹಿಡಿದು ನಿಲ್ಲಿಸಿದ ನೀರು. ಮಲೆನಾಡಿನ ಜ್ವರ ಪ್ರಕೃತಿ ಕೊಟ್ಟದ್ದು. ನಮ್ಮದರಲ್ಲಿ ನಮ್ಮ ಕೈಯೂ ಉಂಟು.

ಇದಕ್ಕೆ ಹಳೆಯ ಮೈಸೂರಿನಲ್ಲೇ ದೊಡ್ಡ ಸಾಕ್ಷಿಯಿದೆ. 1930ರ ದಶಕದಲ್ಲಿ ಮಂಡ್ಯದ ಒಣನೆಲಕ್ಕೆ ಇರ್ವಿನ್ ನಾಲೆಯ ನೀರು ಹರಿದಾಗ ಅದರ ಬೆನ್ನಹಿಂದೆಯೇ ಮಲೇರಿಯಾ ಬಂದಿತು. ಬರವನ್ನು ಓಡಿಸಿದ ನೀರು ಜ್ವರವನ್ನು ಕರೆತಂದಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾ ಸಂಶೋಧನೆ ನಡೆದದ್ದೂ ಆ ಕಾಲದಲ್ಲೇ. ಸ್ವೀಟ್ ಮತ್ತು ರಾವ್ ಎಂಬ ವಿಜ್ಞಾನಿಗಳು 1937ರಲ್ಲಿ ಒಂದು ಸೊಳ್ಳೆಯ ತಳಿಭೇದವನ್ನು ವಿವರಿಸಿ ಅದಕ್ಕೆ ‘ಮೈಸೂರೆನ್ಸಿಸ್’ ಎಂದು ಹೆಸರಿಟ್ಟರು. ನಮ್ಮ ನಾಡಿನ ಹೆಸರು ಗಂಧದಿಂದ, ರೇಷ್ಮೆಯಿಂದ ಲೋಕಕ್ಕೆ ತಿಳಿಯಿತೆಂದು ನಾವು ಹೇಳಿಕೊಳ್ಳುತ್ತೇವೆ, ಸೊಳ್ಳೆಯಿಂದಲೂ ತಿಳಿದಿದೆ! ಆಗ ಊರಿನ ಜ್ವರವನ್ನು ಅಳೆಯಲು ಇದ್ದ ಸುಲಭದ ಉಪಾಯವೆಂದರೆ ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡುವುದು. ಪದೇ ಪದೇ ಜ್ವರ ಬಂದ ಮಗುವಿನ ಎಡ ಪಕ್ಕೆಯ ಕೆಳಗೆ ಗುಲ್ಮ ಉಬ್ಬಿ ಕೈಗೆ ಸಿಕ್ಕುತ್ತದೆ. ನಮ್ಮ ಹೆಂಗಸರು ಇದನ್ನು ‘ಜ್ವರಗಡ್ಡೆ’ ಎಂದು ಮೊದಲೇ ಹೆಸರಿಸಿದ್ದರು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಜ್ವರಗಡ್ಡೆಯೋ ಅದು ಆ ಊರಿನ ಮಲೇರಿಯಾದ ಅಳತೆ.

ಹಾಗಾದರೆ ಕೆರೆ ಕಟ್ಟಿದ್ದು ತಪ್ಪೆ? ಈ ಪ್ರಶ್ನೆಗೆ 1876ರಿಂದ 78ರವರೆಗಿನ ಮಹಾಕ್ಷಾಮ ಉತ್ತರ ಹೇಳಿದೆ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಪೆಟ್ಟು ಬಿದ್ದದ್ದು ಹೆಚ್ಚಾಗಿ ಮಲೆನಾಡಿನ ಮೇಲಲ್ಲ, ಬಯಲುಸೀಮೆಯ ಮೇಲೆ. ಕೆರೆಯ ನೀರು ಮನುಷ್ಯನನ್ನು ಜ್ವರದಲ್ಲಿ ನಡುಗಿಸಿತು, ನಿಜ. ಕೆರೆ ಬತ್ತಿದಾಗ ನಡುಗುವುದಕ್ಕೂ ಮನುಷ್ಯ ಉಳಿಯಲಿಲ್ಲ. ಕೆರೆಯನ್ನು ಬಿಡುವುದಲ್ಲ, ಕೆರೆಯೊಡನೆ ಬಾಳುವ ರೀತಿಯನ್ನು ಕಲಿಯುವುದೇ ಈ ಸೀಮೆಯ ನಿಜವಾದ ಸಮಸ್ಯೆ.

* * *

ಪ್ಲೇಗು ನೀರಿನ ರೋಗವಲ್ಲ. ಆದರೂ ಅದನ್ನು ಬಿಟ್ಟು ಈ ಚರಿತ್ರೆಯನ್ನು ಹೇಳುವಂತಿಲ್ಲ; ಏಕೆಂದರೆ ನೆಲ ರೋಗವನ್ನು ತರುವಂತೆಯೇ ರೋಗದಿಂದ ಪಾರಾಗುವ ದಾರಿಯನ್ನೂ ತೋರಿಸುತ್ತದೆಂಬುದನ್ನು ನಮ್ಮವರು ಕಲಿತದ್ದು ಆಗ.

ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರದ ಕಡೆಗೆ ಹೋಗುವ ರೈಲುದಾರಿ 1889ರ ವೇಳೆಗೆ ಸಿದ್ಧವಾಗಿತ್ತು. ತೆಂಗಿನ ಸೀಮೆಗೆ ಅದೊಂದು ಭಾಗ್ಯದ ಬಾಗಿಲು. ಕೊಬ್ಬರಿ ಗಾಡಿಗಳೆಲ್ಲ ತಿಪಟೂರಿನ ಕಡೆ ಮುಖ ಮಾಡಿದವು. 1898ರ ಆಗಸ್ಟಿನಲ್ಲಿ ಅದೇ ಕಂಬಿಯ ಮೇಲೆ ಹುಬ್ಬಳ್ಳಿಯ ಕಡೆಯಿಂದ ಪ್ಲೇಗು ಬೆಂಗಳೂರಿಗೆ ಬಂದಿಳಿಯಿತು. ಸಂಸ್ಥಾನ ಸರ್ಕಾರ ಮುಂದೆ ದಿವಾನರಾದ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಕಡಲತೀರದ ಸೆಕೆಯ ಮದರಾಸಿನಲ್ಲಿ ಈ ರೋಗ ಬೇರೂರಲಿಲ್ಲ. ನಮ್ಮ ಪ್ರಸ್ಥಭೂಮಿಯಲ್ಲಿ ವರ್ಷ ವರ್ಷವೂ ಮರಳಿ ಬಂದಿತು. ಇಲಿಯ ಮೈಮೇಲಿನ ಚಿಗಟ ಬಹಳ ಸೆಕೆಯಲ್ಲಿ ಬೇಗ ಸಾಯುತ್ತದೆ. ತಂಪು ಹವೆಯಲ್ಲಿ ಹೆಚ್ಚು ದಿನ ಬದುಕುತ್ತದೆ. ಮೈಸೂರಿನ ಹವೆಯನ್ನು ಹೊಗಳದ ಪ್ರವಾಸಿಯಿಲ್ಲ. ಅದೇ ಹವೆ ಚಿಗಟಕ್ಕೂ ಹಿಡಿಸಿತು.

ಚಿಗಟಕ್ಕೆ ಹವೆಯಾದರೆ ಇಲಿಗೆ ಮನೆ. ತೆಂಗಿನ ಸೀಮೆಯ ಮನೆಯಲ್ಲಿ ಸೂರಿನಡಿಯ ಅಟ್ಟದ ಮೇಲೆ ಕಾಯಿಗಳನ್ನು ಹರಡಿ, ಒಳಗಿನ ನೀರೆಲ್ಲ ಇಂಗಿ ಉಂಡೆಕೊಬ್ಬರಿಯಾಗುವವರೆಗೆ ಹೆಚ್ಚು ಕಡಮೆ ವರ್ಷಕಾಲ ಇಡುತ್ತಾರೆ. ಅಂಗಳದಲ್ಲಿ ರಾಗಿಯ ಹಗೇವು, ಮೇಲೆ ಕೊಬ್ಬರಿಯ ಅಟ್ಟ, ನಡುವೆ ಮಣ್ಣಿನ ಗೋಡೆ. ಇಲಿಗೆ ಇದಕ್ಕಿಂತ ಬೇರೆ ಅರಮನೆ ಬೇಕೆ?

ಆದರೆ ಹಳ್ಳಿಯವರಿಗೆ ಒಂದು ಉಪಾಯ ಹೊಳೆಯಿತು. ಇಲಿ ಬಿದ್ದಿತೆಂದು ಸುದ್ದಿಯಾದ ಕೂಡಲೆ ಊರಿಗೆ ಊರೇ ಎದ್ದು ಹೊಲ ತೋಟಗಳಿಗೆ ಹೋಗಿ, ತೆಂಗಿನ ಗರಿಯ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಸರ್ಕಾರವೂ ಇದನ್ನೇ ಹೇಳುತ್ತಿತ್ತು. ಸೂಜಿಮದ್ದಿಗೆ ಹೆದರುತ್ತಿದ್ದ ಕಾಲದಲ್ಲಿ ಜನ ನಂಬಿದ ಮದ್ದು ಬಯಲು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿ 1970ರಲ್ಲಿ ಪ್ರಕಟವಾದದ್ದು. ತಿಪಟೂರು ಚನ್ನರಾಯಪಟ್ಟಣಗಳ ನಡುವಣ ತೆಂಗಿನ ಸೀಮೆಯ ಬಾಳನ್ನು ಚಿತ್ರಿಸುವ ಅದರಲ್ಲಿ, ಪ್ಲೇಗು ಒಂದು ಸಂಸಾರವನ್ನು ಹೇಗೆ ಬರಿದು ಮಾಡುತ್ತದೆಂಬುದನ್ನು ಓದಿದವರು ಮರೆಯುವುದಿಲ್ಲ. ಊರು ಬಿಡುವುದು ಎಲ್ಲರಿಗೂ ಒಂದೇ ಆಗಿರಲಿಲ್ಲವೆಂಬುದನ್ನೂ ನೆನೆಯಬೇಕು. ತೋಟವಿದ್ದವನಿಗೆ ತೋಟದಲ್ಲಿ ಗುಡಿಸಲು. ಅಂಗೈಯಗಲ ನೆಲವಿಲ್ಲದವನು ಎಲ್ಲಿಗೆ ಹೋಗಬೇಕು? ಬಯಲೆಂಬ ಮದ್ದಿಗೂ ಭೂಮಿಯ ಒಡೆತನವೆಂಬ ಬೆಲೆಯಿತ್ತು.

* * *

ಸ್ವಾತಂತ್ರ್ಯ ಬಂದಮೇಲೆ ಹಳೆಯ ಶತ್ರುಗಳು ಒಂದೊಂದಾಗಿ ಹಿಂದೆಗೆದುವು. ವಿಶ್ವ ಆರೋಗ್ಯ ಸಂಸ್ಥೆಯ ಮಲೇರಿಯಾ ತಂಡಗಳಲ್ಲಿ ಒಂದು 1949ರಲ್ಲಿ ನಮ್ಮ ಮಲೆನಾಡಿನಲ್ಲಿ ಕೆಲಸಕ್ಕಿಳಿಯಿತು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಗಿ ಮನೆಮನೆಯ ಗೋಡೆಗೂ ಡಿ.ಡಿ.ಟಿ. ಬಿದ್ದಿತು. ಜ್ವರ ಬಹಳ ಮಟ್ಟಿಗೆ ಅಡಗಿ, 1976ರಲ್ಲಿ ದೇಶದಲ್ಲೆಲ್ಲ 64 ಲಕ್ಷ ಮಂದಿಗೆ ತಗಲಿ ಮತ್ತೆ ತಲೆಯೆತ್ತಿತು. ಸೊಳ್ಳೆ ಔಷಧಕ್ಕೆ ಒಗ್ಗಿಕೊಂಡಿತ್ತು, ನಾವು ಮರೆವಿಗೆ ಒಗ್ಗಿಕೊಂಡಿದ್ದೆವು. ಆಮೇಲೆ 1990ರ ದಶಕದಲ್ಲಿ ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ವಿಜ್ಞಾನಿಗಳು ಬಾವಿಗಳಿಗೆ ಗಪ್ಪಿಯಂಥ ಮರಿತಿನ್ನುವ ಮೀನುಗಳನ್ನು ಬಿಟ್ಟು ಕುಲಿಸಿಫೇಸಿಸ್ ಸೊಳ್ಳೆಯನ್ನು ಅದು ಹುಟ್ಟುವ ಕಡೆಯಲ್ಲೇ ತಡೆದರು. ಒಂದೇ ಔಷಧವನ್ನು ದೇಶಕ್ಕೆಲ್ಲ ಎರಚುವುದಕ್ಕೂ ಈ ಊರಿನ ಸೊಳ್ಳೆ ಈ ಬಾವಿಯಲ್ಲಿ ಹುಟ್ಟುತ್ತದೆಂದು ತಿಳಿದು ಕೈಯಿಡುವುದಕ್ಕೂ ಇರುವ ಅಂತರವೇ ನಮ್ಮ ವಿಷಯದ ತಿರುಳು.

ನಾರುಹುಣ್ಣಿನ ಕಥೆ ಇನ್ನೂ ಸಂತೋಷದ್ದು. 1983-84ರಲ್ಲಿ ಅದರ ನಿರ್ಮೂಲನ ಕಾರ್ಯ ಆರಂಭವಾದಾಗ ಕರ್ನಾಟಕ ಪೀಡಿತ ರಾಜ್ಯಗಳಲ್ಲೊಂದು. ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿ, ಕೈಪಂಪುಗಳನ್ನು ಹಾಕಿ, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದ್ದರ ಫಲವಾಗಿ, 1996ರಲ್ಲಿ ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ ಕಾಣಿಸಿಕೊಂಡ. 2000ದ ಫೆಬ್ರುವರಿಯಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ಜನ ನೀರು ಮುಟ್ಟುವ ಜಾಗವನ್ನು ಬದಲಿಸಿದ್ದೇ ಚಿಕಿತ್ಸೆ.

ಕೊಳವೆಬಾವಿ ಹೀಗೆ ಆರೋಗ್ಯದ ದೂತನಾಗಿ ನಮ್ಮ ಊರುಗಳಿಗೆ ಬಂದಿತು. 1960ರ ದಶಕದ ಕೊನೆಯಿಂದ ಯುನಿಸೆಫ್ ನೆರವಿನಿಂದ ಗಟ್ಟಿಕಲ್ಲನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ಮುಂದೆ ಕೈಪಂಪು ಹಳ್ಳಿಹಳ್ಳಿಯ ಗುರುತಾಯಿತು. ಆಳದ ನೀರು ತಿಳಿಯಾದದ್ದು, ಹುಳುವಿಲ್ಲದ್ದು. ವಾಂತಿಭೇದಿಯಿಂದ ಅದು ಉಳಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಕುಡಿಯುವುದಕ್ಕೆಂದು ಬಂದ ಕೊಳವೆ ಬೇಗನೆ ತೋಟಕ್ಕೂ ಇಳಿಯಿತು. ಏತ ಕಪಿಲೆಗಳ ಕಾಲದಲ್ಲಿ ಎತ್ತಿನ ಶಕ್ತಿಯೇ ನೀರಿಗೊಂದು ಮಿತಿ; ವಿದ್ಯುತ್ತಿನ ಪಂಪಿಗೆ ಮಿತಿಯಿಲ್ಲ. ಅಚ್ಚುಕಟ್ಟಿನಲ್ಲಿದ್ದ ತೆಂಗು ದಿಣ್ಣೆಯ ಹೊಲವನ್ನೂ ಏರಿತು. ಕೆರೆಗಳು ಹೂಳಿನಿಂದ ತುಂಬಿ, ಬಾವಿಗಳು ಬತ್ತಿ, ಸಾವಿರ ಅಡಿ ಕೊರೆದರೂ ದೂಳು ಮಾತ್ರ ಬರುವ ದಿನಗಳನ್ನು ಈ ಸೀಮೆ ಕಂಡಿದೆ.

ಆಳಕ್ಕೆ ಹೋದಂತೆ ನೀರು ಬೇರೊಂದು ಜಾತಿಯದಾಗುತ್ತದೆ. ಮೊನ್ನೆ ಬಿದ್ದ ಮಳೆಯ ನೀರಲ್ಲ ಅದು. ಬೆಣಚುಕಲ್ಲಿನ ಬಿರುಕುಗಳಲ್ಲಿ ಬಹುಕಾಲ ಕುಳಿತು ಕಲ್ಲನ್ನು ಕರಗಿಸಿಕೊಂಡ ನೀರು. ನಮ್ಮ ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಉಂಟು. ಕ್ಷಾರಗುಣ ಹೆಚ್ಚಿ, ಸುಣ್ಣದಂಶ ಕಡಮೆಯಾದ ನೀರಿನಲ್ಲಿ ಅದು ಸುಲಭವಾಗಿ ಕರಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಸಾಕು, ಒಂದೂವರೆಯನ್ನು ಮೀರಬಾರದು. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಮೂಡುತ್ತದೆ. ಬಹಳ ವರ್ಷ ಕುಡಿದವರ ಕೀಲು ಬಿಗಿದು, ಬೆನ್ನು ಬಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ತುಮಕೂರು ಜಿಲ್ಲೆಯಲ್ಲಿ ಪಾವಗಡ ಸೀಮೆ ಇದರ ದುಃಖಕ್ಕೆ ಹೆಸರಾಗಿದೆ. ಉಳಿದ ತಾಲ್ಲೂಕುಗಳ ಆಳದ ಕೊಳವೆಬಾವಿಗಳನ್ನೂ ಪರೀಕ್ಷೆಯಿಲ್ಲದೆ ನಂಬುವಂತಿಲ್ಲ. ಕೆರೆಯ ನೀರಿನ ಕೆಡುಕು ಕಣ್ಣಿಗೆ ಕಾಣುತ್ತಿತ್ತು: ಬಗ್ಗಡ, ವಾಸನೆ, ಹುಳು. ಕಲ್ಲಿನ ನೀರಿನ ಕೆಡುಕು ಕಾಣುವುದಿಲ್ಲ, ನಾರುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ವಾಂತಿಭೇದಿ ಒಂದು ದಿನದಲ್ಲಿ ಕೊಲ್ಲುತ್ತಿತ್ತು. ಇದು ಇಪ್ಪತ್ತು ವರ್ಷ ತೆಗೆದುಕೊಂಡು ಬಗ್ಗಿಸುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮದ್ದು ಇನ್ನೂ ಬಂದಿಲ್ಲ.

ಇಂದು ಊರೂರಿನಲ್ಲೂ ಶುದ್ಧ ಕುಡಿಯುವ ನೀರಿನ ಘಟಕಗಳಾಗಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯದೇ. ಆದರೆ ಯಂತ್ರ ಸೋಸಿ ತೆಗೆದ ಫ್ಲೋರೈಡ್ ಮಾಯವಾಗುವುದಿಲ್ಲ. ಬೇಡವೆಂದು ಬಿಟ್ಟ ಉಪ್ಪುನೀರಿನಲ್ಲಿ ಹೆಚ್ಚು ದಟ್ಟವಾಗಿ ಚರಂಡಿಗೆ ಹರಿದು ಅದೇ ನೆಲಕ್ಕೆ ಮರಳುತ್ತದೆ. ಯಂತ್ರ ಕೆಟ್ಟ ದಿನ ಜನ ಮತ್ತೆ ಕೊಳಾಯಿಯ ನೀರನ್ನೇ ಹಿಡಿಯುತ್ತಾರೆ. ಮಾರಿಯನ್ನು ಗಡಿ ದಾಟಿಸಿದ ಹಿಂದಿನವರಿಗೂ ನಮಗೂ ಇಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಬುಕಾನನ್ ಕಂಡ ಎರಡನೆಯ ಸಂಪತ್ತಾದ ಗಣಿಯ ಕಥೆಯೂ ಹೀಗೆಯೇ. ಚರಕನ ಲೆಕ್ಕದಲ್ಲಿ ಆರೋಗ್ಯಕ್ಕೆ ಹಿತವಾದ ಒಣ ಗುಡ್ಡಗಳನ್ನು ಕಬ್ಬಿಣ, ಮ್ಯಾಂಗನೀಸ್‌ಗಳಿಗಾಗಿ ಅಗೆದಾಗ ಎದ್ದ ಕೆಂದೂಳು ತೆಂಗಿನ ಗರಿಗಳ ಮೇಲೂ ದಾರಿಹೋಕರ ಉಸಿರಿನೊಳಕ್ಕೂ ಕುಳಿತಿತು. ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ತಡೆದು ನಿಲ್ಲಿಸಿದ್ದು ಈ ಸೀಮೆಯ ಚರಿತ್ರೆಯಲ್ಲಿ ನೆನಪಿಡಬೇಕಾದ ದಿನ. ಗುಡ್ಡ ಬರಿಯ ಅದಿರಲ್ಲ, ಕೆರೆಗೆ ನೀರು ಕಳುಹಿಸುವ ತಲೆಯೂ ಹೌದು. ಗುಡ್ಡದ ಮೈ ಹರಿದರೆ ಕೆರೆಯ ಹೊಟ್ಟೆಗೆ ಬರುವುದು ನೀರಲ್ಲ, ಹೂಳು.

ರೋಗಕ್ಕೆ ನೆಲೆಯಿದ್ದಂತೆ ಚಿಕಿತ್ಸೆಗೂ ನೆಲೆಯುಂಟು. 1946ರ ಭೋರ್ ಸಮಿತಿಯ ವರದಿಯ ದಾರಿಯಲ್ಲಿ 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹಳ್ಳಿಗಾಡಿಗೆ ಬಂದವು. ಬಯಲುನಾಡಿನಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಎಂಬುದು ಲೆಕ್ಕ. ದಾರಿ ಕಷ್ಟವಾದಲ್ಲಿ ಕೇಂದ್ರ ಹತ್ತಿರವಿರಬೇಕೆಂಬ ವಿವೇಕ ಇದರಲ್ಲಿದೆ. ಆದರೆ ತಲೆಯೆಣಿಕೆ ದಾರಿಯನ್ನು ಪೂರಾ ಅಳೆಯಲಾರದು. ಕಂದಿಕೆರೆ ಬಯಲುಸೀಮೆಯ ಊರೆಂಬುದು ನಿಜವಾದರೂ ಅದರ ಸುತ್ತ ಗುಡ್ಡಗಳಿವೆ. ಮದಲಿಂಗನ ಕಣಿವೆಯ ದುರಂತ ಕಥೆಯನ್ನು ಬಲ್ಲ ಈ ಕಡೆಯವರಿಗೆ, ಕಣಿವೆ ದಾಟುವುದೆಂದರೆ ಮೈಲಿಯ ಮಾತಲ್ಲ, ಉಸಿರಿನ ಮಾತು ಎಂದು ಬೇರೆ ಹೇಳಬೇಕಾಗಿಲ್ಲ. 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಬಂದ ಆಶಾ ಕಾರ್ಯಕರ್ತೆಯರೂ, 2008ರ ನವೆಂಬರಿನಲ್ಲಿ ಬಂದ 108ರ ವಾಹನವೂ ಈ ದೂರವನ್ನು ಬಹಳ ಕುಗ್ಗಿಸಿವೆ. ಹಾವು ಕಚ್ಚಿದವನಿಗೆ, ತೆಂಗಿನ ಮರದಿಂದ ಬಿದ್ದವನಿಗೆ, ಹೆರಿಗೆ ಕಷ್ಟವಾದವಳಿಗೆ ಔಷಧದಷ್ಟೇ ಬೆಲೆ ರಸ್ತೆಗೂ ಉಂಟು.

ಈಗ ಮುಂದಿನ ಮಾತು. ಬತ್ತಿದ ಕೆರೆಗಳಿಗೆ ಹೇಮಾವತಿಯ ನೀರನ್ನು ತುಂಬಿಸಬೇಕೆಂಬುದು ಈ ಸೀಮೆಯ ದೊಡ್ಡ ಆಸೆ; ಎಷ್ಟೋ ಕೆರೆಗಳಿಗೆ ನೀರು ಬಂದೂ ಇದೆ. ಅದು ನ್ಯಾಯವಾದ ಆಸೆಯೇ. ಮೇಲ್ಪದರದ ನೀರು ಹೆಚ್ಚಿದರೆ ಆಳಕ್ಕೆ ಕೊರೆಯುವುದು ತಪ್ಪುತ್ತದೆ, ಕಲ್ಲಿನ ನೀರಿನ ಹಂಗು ಕಡಮೆಯಾಗುತ್ತದೆ. ಆದರೆ ಕೆರೆ ತುಂಬಿದ ದಿನ ಬಾಗಿನ ಅರ್ಪಿಸುವವರು ಹಳೆಯ ಚಳಿಜ್ವರವನ್ನೂ ನೆನೆಯಬೇಕು. ನೀರಿನೊಡನೆ ಸೊಳ್ಳೆಯೂ ಮರಳಬಹುದು; ಆದ್ದರಿಂದ ಮೀನಿನ ಮರಿಯೂ ನೀರಿನೊಡನೆಯೇ ಬರಲಿ. ಊರಿನ ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಪರೀಕ್ಷಿಸಿ, ಫ್ಲೋರೈಡ್ ಎಷ್ಟಿದೆಯೆಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಲಿ. ಒಂದೇ ಊರಿನ ಎರಡು ಬಾವಿಗಳ ನೀರು ಒಂದೇ ಆಗಿರಬೇಕಾಗಿಲ್ಲ. ಹೆಂಚಿನ ಮೇಲೆ ಬಿದ್ದ ಮಳೆಯಲ್ಲಿ ಈ ವಿಷವಿಲ್ಲ. ಅದನ್ನು ಹಿಡಿದಿಟ್ಟರೆ ಒಂದು ಮನೆಯ ಕುಡಿಯುವ ನೀರಿಗೆ ದೊಡ್ಡ ಆಸರೆ. 100 ಗ್ರಾಮಿಗೆ 300 ಮಿಲಿಗ್ರಾಂಗೂ ಮಿಗಿಲಾಗಿ ಸುಣ್ಣದಂಶವಿರುವ ರಾಗಿಯನ್ನು ನಮ್ಮ ಮಕ್ಕಳ ತಟ್ಟೆಯಿಂದ ದೂರಮಾಡದಿರುವುದೂ ಒಂದು ರಕ್ಷೆ.

ಇವು ಯಾವುವೂ ದೊಡ್ಡ ಮಾತುಗಳಲ್ಲ. ಪ್ರತಿಯೊಂದು ಪೀಳಿಗೆಯೂ ತನ್ನ ಕಾಲದ ರೋಗವನ್ನು ಓಡಿಸಲು ನೀರಿನ ನೆಲೆಯನ್ನು ಬದಲಿಸಿತು; ಬದಲಿಸಿದ ನೆಲೆಯಲ್ಲಿ ಏನು ಕಾದಿದೆಯೆಂದು ಕೇಳಲಿಲ್ಲ. ಕೇಳುವ ಕೆಲಸ ಈಗ ನಮ್ಮದು. ಆಸ್ಪತ್ರೆಯ ಲೆಕ್ಕದಲ್ಲಿ ಹಾಸಿಗೆಗಳೆಷ್ಟು, ವೈದ್ಯರೆಷ್ಟು ಎಂದು ಬರೆಯುವಾಗ, ಊರಿನ ಕೆರೆಯಲ್ಲಿ ನೀರೆಷ್ಟು, ಬಾವಿಯ ಆಳವೆಷ್ಟು ಎಂಬ ಎರಡು ಕಾಲಮುಗಳನ್ನೂ ಸೇರಿಸಬೇಕು. ಕಂದಿಕೆರೆಯ ಆರೋಗ್ಯವನ್ನು ತಿಳಿಯಬಯಸುವ ವೈದ್ಯ ಆ ಎರಡನ್ನು ಮೊದಲು ಓದಲಿ. ನಾಡಿ ಹಿಡಿಯುವುದು ಆಮೇಲೆ.